ಬರೀ ಡೆಮೊ ನೋಡಿ ಮೇಂಟೆನೆನ್ಸ್ ಸಾಫ್ಟ್‌ವೇರ್ ತಗೋಬೇಡಿ
ಫ್ಯಾಕ್ಟರಿ ಮೇಂಟೆನೆನ್ಸ್‌ಗೆ ಸಾಫ್ಟ್‌ವೇರ್ ಹುಡುಕುತ್ತಿದ್ದರೆ ವೆಂಡರ್ ಕೊಡುವ ಹೋಲಿಕೆ ಪಟ್ಟಿ ನಂಬಬೇಡಿ. ಅದರಲ್ಲಿ ಎಲ್ಲರಿಗೂ ಎಲ್ಲದಕ್ಕೂ ಟಿಕ್ ಇರುತ್ತದೆ. ಪೀಣ್ಯದ ನಮ್ಮ ಯೂನಿಟ್‌ಗೆ ಸ್ಯಾಪ್, ಮ್ಯಾಕ್ಸಿಮೊ ಥರದ ದೊಡ್ಡ ಕಂಪನಿಗಳ ಸಾಫ್ಟ್‌ವೇರ್ ಎಲ್ಲ ಜಾಸ್ತಿ ಆಯಿತು ಅಂತ ಮ್ಯಾನೇಜ್‌ಮೆಂಟ್‌ನವರು ಒಂದು ಕ್ಲೌಡ್ ಸಾಫ್ಟ್‌ವೇರ್ ತಂದರು. ಹೆಸರು ಬೇಡ, ಹೇಳಿದರೆ ಇನ್ನೊಂದು ಗಲಾಟೆ.

ಪ್ರಿವೆಂಟಿವ್ ಮೇಂಟೆನೆನ್ಸ್, ಅಂದರೆ ಮಷೀನ್ ಕೆಡುವ ಮುಂಚೆಯೇ ಸರ್ವೀಸ್ ನೆನಪಿಸೋದು, ಇದೆಯಾ ಅಂತ ಕೇಳಿದರೆ "ಇದೆ ಸರ್" ಅಂದಿದ್ದರು. ಇತ್ತು, ಕ್ಯಾಲೆಂಡರ್ ಲೆಕ್ಕದಲ್ಲಿ ಮಾತ್ರ. ನಮ್ಮ ಸ್ಕ್ರೂ ಕಂಪ್ರೆಸರ್‌ಗೆ 4000 ಗಂಟೆ ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಆಯಿಲ್ ಬದಲಾಯಿಸಬೇಕು. ಮೂರು ಶಿಫ್ಟ್ ಬಿಡದೆ ಓಡಿದರೆ ಐದೂವರೆ ತಿಂಗಳಿಗೇ ಗಂಟೆ ಮುಗಿಯುತ್ತದೆ, ಆರ್ಡರ್ ಕಮ್ಮಿಯಾಗಿ ಒಂದೇ ಶಿಫ್ಟ್ ನಡೆದರೆ ವರ್ಷವೇ ಮೊದಲು ಬರುತ್ತದೆ. ಈ ಪುಣ್ಯಾತ್ಮ ಸಾಫ್ಟ್‌ವೇರ್ ಮಾತ್ರ ಸುಮ್ನೆ ಆರು ತಿಂಗಳಿಗೊಮ್ಮೆ ಕೂಗುತ್ತಿತ್ತು. ಮಷೀನ್ ಎಷ್ಟು ಗಂಟೆ ಓಡಿತು ಅಂತ ತೋರಿಸುವ ಅವರ್ ಮೀಟರ್‌ನ ರೀಡಿಂಗ್ ಹಾಕೋಕೆ ಜಾಗವೇ ಇಲ್ಲ. ಕೇಳಿದರೆ "ಅದು ಮೇಲಿನ ಪ್ಲಾನ್‌ನಲ್ಲಿ ಬರುತ್ತೆ ಸರ್".

ಸ್ಪೇರ್ ಪಾರ್ಟ್ ಇಡುವ ಸ್ಟೋರ್ಸ್ ಕಥೆ ಬೇರೆ. ಹಳೆ ಎಕ್ಸೆಲ್ ಶೀಟ್ ಹಾಗೇ ತುರುಕಿಬಿಟ್ಟರು. ಒಂದು ಕಡೆ 6205 ಝಡ್‌ಝಡ್, ಇನ್ನೊಂದು ಕಡೆ 6205-2ಝಡ್. ಎರಡೂ ಒಂದೇ ಬೇರಿಂಗ್, ಎರಡೂ ಬದಿ ಶೀಲ್ಡ್ ಇರುವಂಥದ್ದು, ಕಂಪನಿ ಬದಲಾದರೆ ಬರೆಯುವ ರೀತಿ ಬದಲಾಗುತ್ತದೆ ಅಷ್ಟೇ. ನೈಟ್ ಶಿಫ್ಟ್‌ನಲ್ಲಿ ಮೋಟರ್ ಕೆಟ್ಟಾಗ ಒಂದು ಕೋಡ್‌ನಲ್ಲಿ ಸ್ಟಾಕ್ ಸೊನ್ನೆ ಅಂತ ಬಂತು, ಬೆಳಿಗ್ಗೆವರೆಗೂ ಲೈನ್ ನಿಂತಿತು. ಬೇರಿಂಗ್ ಪಕ್ಕದ ರ‍್ಯಾಕಿನಲ್ಲೇ ಇತ್ತು!

ಲೈಸೆನ್ಸ್ ತಲೆಗೆ ಇಷ್ಟು ಅಂತ ಇದ್ದದ್ದರಿಂದ ಫಿಟ್ಟರ್‌ಗಳಿಗೆಲ್ಲ ಸೇರಿ ಒಂದೇ ಲಾಗಿನ್. ಯಾರು ಏನು ರಿಪೇರಿ ಮಾಡಿದರು ಅಂತ ದೇವರೇ ಹೇಳಬೇಕು.

ನಿಜವಾದ ಪೆಟ್ಟು ಬಿದ್ದದ್ದು ಆ ಸಾಫ್ಟ್‌ವೇರ್ ಬಿಡುವಾಗ. ಹಳೆ ವರ್ಕ್ ಆರ್ಡರ್ (ಪ್ರತಿ ರಿಪೇರಿ, ಸರ್ವೀಸ್ ಕೆಲಸದ ಚೀಟಿ) ಎಲ್ಲ ವಾಪಸ್ ಕೊಡಿ ಅಂದರೆ ಪಿಡಿಎಫ್ ಕಂತೆ ಕಳಿಸಿದರು. ಯಾವ ಮಷೀನ್ ಎಷ್ಟು ಸಲ ನಿಂತಿತು, ಯಾವ ಪಾರ್ಟ್ ಪದೇ ಪದೇ ಹೋಗುತ್ತದೆ ಅನ್ನೋ ಹಿಸ್ಟರಿಗೇ ಅಲ್ವಾ ನಾವು ದುಡ್ಡು ಕೊಟ್ಟಿದ್ದು? ಈಗ ಒಬ್ಬ ಟ್ರೈನಿ ಹುಡುಗ ಕೂತು ಒಂದೊಂದೇ ಟೈಪ್ ಮಾಡುತ್ತಿದ್ದಾನೆ.

ಡೆಮೊದಲ್ಲಿ ಅವರ ಸ್ಯಾಂಪಲ್ ಪಂಪ್ ನೋಡಬೇಡಿ. ನಿಮ್ಮದೇ ಒಂದು ಮಷೀನ್ ಹಾಕಿಸಿ, ಮೀಟರ್ ರೀಡಿಂಗ್ ಏರಿಸಿ ವರ್ಕ್ ಆರ್ಡರ್ ತಾನೇ ಹುಟ್ಟುತ್ತದಾ ನೋಡಿ. ನಿಮ್ಮ ಫಿಟ್ಟರ್ ಫೋನಿನಲ್ಲಿ ನೆಟ್ ಆಫ್ ಮಾಡಿ ಎಂಟ್ರಿ ಹಾಕಿಸಿ. ಆಮೇಲೆ ಮಷೀನ್ ಕೋಡ್ ಸಮೇತ ಎಲ್ಲವನ್ನೂ ಎಕ್ಸೆಲ್‌ನಲ್ಲಿ ತೆರೆಯುವ ಸಿಎಸ್‌ವಿ ಫೈಲಾಗಿ ನಿಮ್ಮೆದುರೇ ಇಳಿಸಿ ಕೊಡಲಿ, ಬಿಡುವಾಗಲೂ ಹಾಗೇ ಕೊಡುತ್ತೇವೆ ಅಂತ ಪರ್ಚೇಸ್ ಆರ್ಡರ್‌ನಲ್ಲಿ ಬರೆಸಿಕೊಳ್ಳಿ. "ನೋಡೋಣ ಸರ್" ಅಂದರೆ ಮುಂದಿನ ವೆಂಡರ್‌ಗೆ ಫೋನ್ ಮಾಡಿ.