ಸೂಯೆಜ್ ದಾರಿಯೋ, ಆಫ್ರಿಕಾ ಸುತ್ತೋ?

ಮಂಗಳೂರಿನಿಂದ ಇಟಲಿಗೆ ಕಾಫಿ ಕಳಿಸಲು ಯಾವ ದಾರಿಯ ಹಡಗು ಹಿಡಿಯಲಿ ಅಂತ ಕೇಳಿದ್ದೀರಿ.

ದಿನದ ಲೆಕ್ಕದಲ್ಲಿ ಈಜಿಪ್ಟಿನ ಸೂಯೆಜ್ ಕಾಲುವೆಯ ದಾರಿಯೇ ಮುಂದೆ. ಆಫ್ರಿಕಾದ ದಕ್ಷಿಣದ ಗುಡ್ ಹೋಪ್ ಭೂಶಿರ ಸುತ್ತಿದರೆ 10 ದಿನಕ್ಕೂ ಜಾಸ್ತಿ ಹಿಡಿಯುತ್ತದೆ, ಇಂಧನವೂ ಜಾಸ್ತಿ. ಇಟಲಿಗಂತೂ ಸ್ಪೇನ್ ಪಕ್ಕದ ಜಿಬ್ರಾಲ್ಟರ್ ಜಲಸಂಧಿ ದಾಟಿ ಮತ್ತೆ ಮೆಡಿಟರೇನಿಯನ್ ಒಳಗೆ ಬರಬೇಕು. ಆದರೆ ಕಾಲುವೆಗೆ ಕಟ್ಟುವ ಸುಂಕ ಉಳಿತಾಯ.

ಭದ್ರತೆಯ ಮಾತು ಬೇರೆ. ಮ್ಯಾಪ್ ತೆಗೆದು ಕೆಂಪು ಸಮುದ್ರದ ಕೆಳತುದಿ ನೋಡಿ, ಸೂಯೆಜ್‌ಗೆ ಹೋಗುವ ನಮ್ಮ ಹಡಗು ಅಲ್ಲಿಂದಲೇ ಒಳಗೆ ಹೋಗಬೇಕು. ಬಾಬ್ ಎಲ್ ಮಂದೆಬ್ ಜಲಸಂಧಿ ಸುಮಾರು 30 ಕಿ.ಮೀ. ಅಗಲ, ಅಷ್ಟೇ. ಈ ಕಡೆ ಯೆಮನ್, ಆ ಕಡೆ ಜಿಬೂಟಿ. ದೊಡ್ಡ ನೌಕಾಪಡೆಯೇ ಇಲ್ಲದ ಹೂತಿಗಳು (ಯೆಮನ್‌ನ ಸಶಸ್ತ್ರ ಬಂಡುಕೋರರು) 2023ರ ನವೆಂಬರಿನಿಂದ ಡ್ರೋನ್, ಕ್ಷಿಪಣಿ ಹಾರಿಸಿ ದೊಡ್ಡ ದೊಡ್ಡ ಕಂಪನಿಗಳ ಹಡಗುಗಳನ್ನೇ ಆಫ್ರಿಕಾ ಸುತ್ತಿಸಿದರು. ಇಕ್ಕಟ್ಟಾದ ಬಾಗಿಲ ಪಕ್ಕ ಕೂತವನಿಗೆ ಬಲ ಜಾಸ್ತಿ, ಅಲ್ವಾ? ಅಮೆರಿಕ, ಚೀನಾ, ಫ್ರಾನ್ಸ್ ಮೂವರೂ ಜಿಬೂಟಿಯಲ್ಲಿ ಸೇನಾ ನೆಲೆ ಇಟ್ಟಿರುವುದು ಸುಮ್ನೆ ಅಲ್ಲ. ಈ ದಾಳಿಗಳಲ್ಲಿ ನಾವಿಕರು ಸತ್ತಿದ್ದಾರೆ. ನನಗೆ ಅದು ಬಾಡಿಗೆಗಿಂತ ದೊಡ್ಡ ವಿಷಯ.

ಭೂಶಿರದಲ್ಲಿ ಬಿರುಗಾಳಿ ಇದೆ, ಬಾಗಿಲು ಕಾಯುವವರಿಲ್ಲ.

ದಾಳಿ ನಿಂತು ವಿಮೆ ದರ ಇಳಿದಿದ್ದರೆ, ಕೊಡಬೇಕಾದ ದಿನ ಹತ್ತಿರವಿದ್ದರೆ ಸೂಯೆಜ್ ಸರಿ. ಕೊಳ್ಳುವವರು ಎರಡು ವಾರ ಕಾಯ್ತಾರೆ ಅಂದರೆ ಸುತ್ತು ದಾರಿಯೇ ನೆಮ್ಮದಿ. ಆಗ ಕಂಟೇನರಿಗೆ ತೇವ ತಡೆಯುವ ಲೈನರ್ ಹಾಕಿಸಿ.