ಹುಲ್ಲು ತಿಂದ ಕೋಳಿ ಅಂತ ಮುಂಗಡ ಕಟ್ಟಿ ಮೋಸ ಹೋದೆ, ನೀವು ಕಟ್ಟಬೇಡಿ

ಹೇಳಿಕೊಳ್ಳಲು ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ. ಇನ್ನೊಬ್ಬರು ನನ್ನ ಹಾಗೆ ದುಡ್ಡು ಕಟ್ಟಿ ಕೂರಬಾರದು.

ಅದೊಂದು ಸಣ್ಣ ಫಾರಂ. "ಹುಲ್ಲುಗಾವಲಿನಲ್ಲಿ ಬೆಳೆದ ಕೋಳಿ, ನೂರಕ್ಕೆ ನೂರು ಹುಲ್ಲೇ ಆಹಾರ, ನೇರ ರೈತರಿಂದ" ಅಂತ ಜಾಹೀರಾತು. ಫೋಟೋದಲ್ಲಿ ಹಸಿರು ಬಯಲು, ಕೆಂಪು ಕೋಳಿಗಳು, ಬೆಳಗಿನ ಬಿಸಿಲು. ಆರು ತಿಂಗಳ ಹಣ ಮೊದಲೇ ಕಟ್ಟಬೇಕು. ಕಟ್ಟಿದೆ. ನಾನೊಬ್ಬಳೇ ಕಟ್ಟಿದ್ದರೆ ಪರವಾಗಿರಲಿಲ್ಲ, ಆಫೀಸಿನ ಮೂವರನ್ನೂ ಸೇರಿಸಿದೆ. "ನಾನು ವಿಚಾರಿಸಿದ್ದೇನೆ, ಧೈರ್ಯವಾಗಿ ಕಟ್ಟಿ" ಅಂದಿದ್ದೆ. ಏನು ವಿಚಾರಿಸಿದ್ದೆ ಅಂತ ಈಗ ಕೇಳಬೇಡಿ.

ಮೊದಲ ಪೆಟ್ಟಿಗೆ ಬಂತು. ಅತ್ತೆ ಕೋಳಿಯನ್ನು ಕೈಗೆ ತೆಗೆದುಕೊಂಡು ಎದೆಮೂಳೆಯ ತುದಿ ಒತ್ತಿದರು. ರಬ್ಬರಿನ ಹಾಗೆ ಬಾಗಿತು. "ಇದು ಇನ್ನೂ ಮರಿ ಕಣಮ್ಮ" ಅಂದರು. ಕಾಲಿನ ಗಂಟಿನ ಹತ್ತಿರ ಕಂದು ಬಣ್ಣದ ಕಲೆ, ಸುಟ್ಟ ಗಾಯದ ಹಾಗೆ. ಚರ್ಮದಲ್ಲಿ ಉಳಿದಿದ್ದ ಪುಕ್ಕದ ಬುಡ ಬಿಳಿ. ಫೋಟೋದಲ್ಲಿದ್ದದ್ದು ಕೆಂಪು ಕೋಳಿ, ಅಲ್ವಾ?

ಆಮೇಲೆ ಅತ್ತೆ ಕೇಳಿದರು, "ಬರೀ ಹುಲ್ಲು ತಿಂದು ಬೆಳೆಯೋಕೆ ಇದೇನು ಕುರಿಯಾ?"

ಆ ಕ್ಷಣ ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ. ಹೌದಲ್ಲ! ದನ, ಕುರಿ ಮೆಲುಕು ಹಾಕುತ್ತವೆ, ಹುಲ್ಲಿನಲ್ಲೇ ಬದುಕುತ್ತವೆ. ಕೋಳಿಗೆ ಆ ಹೊಟ್ಟೆ ಇಲ್ಲ. ಕಾಳು ಬೇಕು, ಹುಳ ಬೇಕು, ಹುಲ್ಲು ಒಂದಿಷ್ಟು ಮಾತ್ರ. ಅಂದರೆ ಜಾಹೀರಾತಿನ ಮಾತೇ ಆಗದ ಮಾತು. ಇಷ್ಟು ಓದಿಕೊಂಡ ನಾನು ಅದನ್ನು ನಂಬಿದ್ದೆ. ಮೂವರಿಗೆ ನಂಬಿಸಿದ್ದೆ ಬೇರೆ.

ಮೆಸೇಜ್ ಹಾಕಿದೆ. ಉತ್ತರ: "ಮೇಡಂ, ಹುಲ್ಲು ಅಂದರೆ ಹುಲ್ಲಿನ ವಾತಾವರಣ." ಗಂಟಿನ ಕಲೆ ಏನು ಅಂದೆ. "ಅದು ನ್ಯಾಚುರಲ್." ನ್ಯಾಚುರಲ್ ಅಂತೆ! ನೆಲಕ್ಕೆ ಹಾಸಿದ ಒದ್ದೆ ಹೊಟ್ಟಿನ ಮೇಲೆ, ತಮ್ಮದೇ ಹಿಕ್ಕೆಯ ಅಮೋನಿಯಾದಲ್ಲಿ ಕೂತೂ ಕೂತೂ ಆಗುವ ಗಾಯ ಅದು. ಶೆಡ್ಡಿನಲ್ಲಿ ಒತ್ತೊತ್ತಾಗಿ ತುಂಬಿದಾಗ ಆಗುವುದೇ ಜಾಸ್ತಿ. ಎಷ್ಟು ದಿನಕ್ಕೆ ಕೊಯ್ಯುತ್ತೀರಿ ಅಂತ ಕೇಳಿದೆ. ಎರಡು ದಿನ ಉತ್ತರವೇ ಇಲ್ಲ. ಆಮೇಲೆ "ಸೈಜ್ ನೋಡಿಕೊಂಡು" ಅಂತ ಬಂತು.

ಹೇಳದೆ ಕೇಳದೆ ಫಾರಂಗೇ ಹೋದೆ. ಫೋಟೋದ ಬಯಲು ನಿಜವಾಗಿಯೂ ಇತ್ತು. ಅದರಲ್ಲಿ ಹತ್ತೋ ಹನ್ನೆರಡೋ ಕೆಂಪು ಕೋಳಿ, ನೋಡಲು ಬಂದವರಿಗೆ ತೋರಿಸಲು. ಹಿಂದೆ ಉದ್ದನೆಯ ಶೆಡ್, ತುಂಬ ಬಿಳಿ ಬ್ರಾಯ್ಲರ್. ಗೋಡೆಯ ಬುಡದಲ್ಲಿ ಒಂದು ಪುಟ್ಟ ಕಿಂಡಿ. "ಬಾಗಿಲು ದಿನಾ ತೆಗೀತೀವಿ ಮೇಡಂ. ಹೊರಗೆ ಹೋಗೋದು ಬಿಡೋದು ಕೋಳಿಗೆ ಬಿಟ್ಟದ್ದು." ಫಾರಂನವನು ನಗುತ್ತಾ ಹೇಳಿದ. ಕಿಂಡಿಯ ಮುಂದೆ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಕೋಳಿ ಓಡಾಡುವ ಜಾಗದಲ್ಲಿ ಬಾಗಿಲ ಮುಂದೆ ಹುಲ್ಲು ಉಳಿಯುತ್ತದಾ? ಕೆದರಿ ಕೆದರಿ ಮಣ್ಣು ಮಾಡಿರುತ್ತವೆ.

ಇನ್ನೊಂದು ಲೆಕ್ಕ ನೋಡಿ. ಬ್ರಾಯ್ಲರನ್ನು ಸುಮಾರು 6 ವಾರಕ್ಕೆ ಕೊಯ್ಯುತ್ತಾರೆ. ಪುಕ್ಕ ಬರುವವರೆಗೆ, ಅಂದರೆ ಮೊದಲ 3-4 ವಾರ, ಮರಿ ಬೆಚ್ಚಗೆ ಒಳಗೇ ಇರಬೇಕು. ಉಳಿದದ್ದು ಎಷ್ಟು? ಯುರೋಪಿನ ನಿಯಮದಲ್ಲಿ ಬಯಲ ಕೋಳಿ ಅನ್ನಬೇಕಾದರೆ ಕನಿಷ್ಠ 56 ದಿನ ಬೆಳೆಸಬೇಕು, ಬದುಕಿದ ಅರ್ಧ ಕಾಲವಾದರೂ ಹಗಲು ಹೊರಗೆ ಹೋಗಲು ಬಿಡಬೇಕು. ಇವರದ್ದು ಕಿಂಡಿ ಮಾತ್ರ.

ಕುರಿ, ದನದ ಮಾಂಸ ಕೊಳ್ಳುವವರೂ ಕೇಳಿಕೊಳ್ಳಿ. "ಹುಲ್ಲು ತಿಂದದ್ದು" ಅಂತ ಹೇಳಿ ಕೊನೆಯ ತಿಂಗಳುಗಳಲ್ಲಿ ಕಾಳು ತಿನ್ನಿಸಿ ಕೊಬ್ಬಿಸುವವರಿದ್ದಾರೆ. ಕೊನೆಯವರೆಗೂ ಹುಲ್ಲೇನಾ ಅಂತ ಬಿಡಿಸಿ ಕೇಳಿ. ಕೋಳಿಯಾದರೆ ಯಾವ ತಳಿ, ಎಷ್ಟು ದಿನಕ್ಕೆ ಕೊಯ್ಯುತ್ತಾರೆ, ಎಷ್ಟು ವಾರ ಹೊರಗಿತ್ತು ಅಂತ ಕೇಳಿ. ನಿಜವಾಗಿ ಮೇಯಿಸುವವರು ಇದಕ್ಕೆ ಥಟ್ಟನೆ ಹೇಳುತ್ತಾರೆ, ಒಂದು ಗಂಟೆ ಹೇಳುತ್ತಾರೆ ಬೇಕಾದರೆ. ಅಂಥವರೂ ಇದ್ದಾರೆ, ನನ್ನ ಸಿಟ್ಟು ಅವರ ಮೇಲಲ್ಲ. ಮತ್ತೆ ಮುಂಗಡ ಮಾತ್ರ ಕಟ್ಟಬೇಡಿ. ಕಟ್ಟಲೇಬೇಡಿ.

ದುಡ್ಡು ವಾಪಸ್ ಕೇಳಿ 11 ದಿನ ಆಯಿತು. "ಅಕೌಂಟ್ಸ್‌ನವರು ರಜೆಯಲ್ಲಿದ್ದಾರೆ" ಅಂತೆ. ಆಫೀಸಿನ ಮೂವರಲ್ಲಿ ಇಬ್ಬರಿಗೆ ನನ್ನ ಕೈಯಿಂದಲೇ ಕೊಟ್ಟೆ. ಮೂರನೆಯವರು ಬೇಡ ಅಂದರು. ಆದರೆ ಊಟಕ್ಕೆ ಕೂತಾಗೆಲ್ಲ "ಇವತ್ತೂ ಹುಲ್ಲೇನಾ?" ಅಂತ ಕೇಳುತ್ತಾರೆ.