ಸೇಂಟ್ ಲೂಯಿಸ್‌ನ ಗೇಟ್‌ವೇ ಆರ್ಚ್: ಟ್ರಾಮ್ ಹತ್ತುವ ಮುನ್ನ ಉತ್ತರದ ಕಾಲಿನ ಬಳಿ ನಿಲ್ಲಿ

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮಿಸಿಸಿಪ್ಪಿ ನದಿಯ ದಡದಲ್ಲಿ ನಿಂತಿರುವ, 630 ಅಡಿ ಎತ್ತರದ ಉಕ್ಕಿನ ಕಮಾನಿನೊಳಗೆ ಓಡುವ ಟ್ರಾಮ್ ಸೇವೆ ಅಚ್ಚುಕಟ್ಟಾಗಿದೆ. ಐದೈದು ಜನ ಮಂಡಿಗೆ ಮಂಡಿ ತಾಗಿಸಿ ಕೂರುವ ಎಂಟು ಪುಟ್ಟ ಗೂಡುಗಳು ಸುಮಾರು ನಾಲ್ಕು ನಿಮಿಷಗಳಲ್ಲಿ ತುದಿ ತಲುಪುತ್ತವೆ. ಬಾಗಿಲು ತಗ್ಗಾಗಿದ್ದು ಮೆಟ್ಟಿಲುಗಳೂ ಇರುವುದರಿಂದ ಮಂಡಿನೋವಿನ ಹಿರಿಯರು ನೆಲದಡಿಯ ಮ್ಯೂಸಿಯಂನಲ್ಲೇ ಉಳಿಯುವುದು ಒಳ್ಳೆಯದು. ಅದಕ್ಕೆ ಪ್ರವೇಶ ಶುಲ್ಕವಿಲ್ಲ.

ಆದರೆ ಟಿಕೆಟ್‌ನ ಸಮಯಕ್ಕಿಂತ ಅರ್ಧ ಗಂಟೆ ಮೊದಲೇ ಬಂದು, ಕಮಾನಿನ ಉತ್ತರದ ಕಾಲಿನ ಬುಡದಲ್ಲಿ ನಿಂತು ತಲೆಯೆತ್ತಿ ನೋಡಬೇಕೆಂದು ನಾನು ಒತ್ತಾಯಿಸುತ್ತೇನೆ. ಕಮಾನು ಇನ್ನೂ ಅರ್ಧಕ್ಕೆ ನಿಂತಿದ್ದ 1964ರ ಜುಲೈ 14ರಂದು, ಪರ್ಸಿ ಗ್ರೀನ್ ಎಂಬ ಕಪ್ಪು ಯುವಕ ತನ್ನ ಬಿಳಿಯ ಸಂಗಾತಿ ರಿಚರ್ಡ್ ಡೇಲಿಯೊಡನೆ ಇಲ್ಲಿ ಸುಮಾರು 125 ಅಡಿ ಏರಿ, ಗಂಟೆಗಟ್ಟಲೆ ಕೆಳಗಿಳಿಯದೆ ಪ್ರತಿಭಟಿಸಿದರು. ಸರ್ಕಾರದ ಹಣದಲ್ಲಿ ಏಳುತ್ತಿದ್ದ ಈ ಕಟ್ಟಡದ ಕುಶಲ ಕೆಲಸಗಳಲ್ಲಿ ಕಪ್ಪು ಜನರಿಗೂ ಪಾಲು ಬೇಕೆಂಬುದು ಅವರ ಬೇಡಿಕೆಯಾಗಿತ್ತು. 1966ರಲ್ಲಿ ಕೇಂದ್ರದ ನ್ಯಾಯ ಇಲಾಖೆಯೇ ಈ ಕಾಮಗಾರಿಯ ವಿಷಯವಾಗಿ ಕಟ್ಟಡ ಕಾರ್ಮಿಕ ಸಂಘಗಳ ಮೇಲೆ ಮೊಕದ್ದಮೆ ಹೂಡಿತು.

ಗ್ರೀನ್ 1956ರಿಂದ ಮೆಕ್‌ಡೊನೆಲ್ ವಿಮಾನ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಹಾಗೂ ಪ್ರಯೋಗಾಲಯ ತಂತ್ರಜ್ಞರಾಗಿದ್ದರು. ನಡುವೆ 21 ತಿಂಗಳು ಸೇನಾ ಸೇವೆ ಸಲ್ಲಿಸಿ ಮರಳಿದ್ದರು. ಕಮಾನು ಏರಿದ ಮರುತಿಂಗಳು, ಸಿಬ್ಬಂದಿ ಕಡಿತದ ಹೆಸರಿನಲ್ಲಿ ಅವರ ಕೆಲಸ ಹೋಯಿತು. ಇದು ಜನಾಂಗಭೇದವೆಂದು ನಂಬಿದ ಅವರು, ಸ್ಥಳೀಯ ನಾಗರಿಕ ಹಕ್ಕು ಹೋರಾಟಗಾರರೊಂದಿಗೆ ಕಾರುಗಳನ್ನು ಅಡ್ಡ ನಿಲ್ಲಿಸಿ ಕಾರ್ಖಾನೆಯ ದಾರಿಗಳನ್ನು ತಡೆದರು. 1965ರಲ್ಲಿ ಮೆಕ್ಯಾನಿಕ್‌ಗಳು ಬೇಕೆಂಬ ಜಾಹೀರಾತು ಕಂಡು ಅರ್ಜಿ ಹಾಕಿದಾಗ, ಕಂಪನಿ ಆ ತಡೆಯನ್ನೇ ಕಾರಣವಾಗಿ ಹೇಳಿ ನಿರಾಕರಿಸಿತು. 1973ರಲ್ಲಿ ಸುಪ್ರೀಂ ಕೋರ್ಟ್, ಅರ್ಹ ಅಭ್ಯರ್ಥಿಯನ್ನು ತಿರಸ್ಕರಿಸಿ ಹುದ್ದೆಯನ್ನು ಖಾಲಿ ಇಟ್ಟುಕೊಂಡು ಬೇರೆಯವರನ್ನು ಹುಡುಕುವ ಮಾಲೀಕನು ಕಾರಣ ಹೇಳಲೇಬೇಕೆಂದೂ, ಆ ಕಾರಣ ಬರೀ ನೆಪವೆಂದು ತೋರಿಸಲು ಅಭ್ಯರ್ಥಿಗೆ ಅವಕಾಶವಿರಬೇಕೆಂದೂ ಒಮ್ಮತದಿಂದ ತೀರ್ಪಿತ್ತಿತು. ಅಮೆರಿಕದ ನ್ಯಾಯಾಲಯಗಳು ಉದ್ಯೋಗ ತಾರತಮ್ಯದ ಮೊಕದ್ದಮೆಗಳಲ್ಲಿ ಇಂದಿಗೂ ಇದೇ ಅಳತೆಗೋಲನ್ನು ಬಳಸುತ್ತವೆ. ಮರುವಿಚಾರಣೆಯಲ್ಲಿ ಮಾತ್ರ ಗ್ರೀನ್ ಸೋತರು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈ ಕಥೆ ತಿಳಿದು ಮೇಲೇರಿದರೆ, ಕೈಯಗಲದ ಆ ಕಿಟಕಿಗಳಿಗೆ ಕೊಟ್ಟ ಹಣ ಹೆಚ್ಚೆನಿಸುವುದಿಲ್ಲ. ಪಶ್ಚಿಮದ ಕಿಟಕಿಗೆ ಮೊದಲು ಹೋಗಿ. ಗುಲಾಮಗಿರಿಯಿಂದ ಬಿಡುಗಡೆ ಕೇಳಿ ಡ್ರೆಡ್ ಸ್ಕಾಟ್ ದಂಪತಿ ಮೊಕದ್ದಮೆ ನಡೆಸಿದ ಹಳೆಯ ನ್ಯಾಯಾಲಯದ ಗುಮ್ಮಟ ಅಲ್ಲಿಂದ ನೇರ ಕೆಳಗೆ ಕಾಣುತ್ತದೆ.